ಬ್ಲಾಕ್ ತಂದೀರಾ?

ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಮೊದಲ ಸಲ ಬರುವ ಎಷ್ಟೋ ರೋಗಿಗಳ ಕೈಚೀಲದಲ್ಲಿ ಊರಿನ ರಿಪೋರ್ಟುಗಳ ಜೊತೆ ಒಂದು ಪುಟ್ಟ ಪೊಟ್ಟಣ ಇರುತ್ತದೆ. ಅದರೊಳಗೆ ಮೇಣದ ಬಿಲ್ಲೆ, ಮೇಣದಲ್ಲಿ ಹುದುಗಿದ ಗಡ್ಡೆಯ ತುಣುಕು. ಪೆಥಾಲಜಿಯವರ ಮಾತಿನಲ್ಲಿ ಅದು ಬ್ಲಾಕ್. ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದವರನ್ನೂ, ಬೆಳಗಾವಿಯಿಂದ ಚಾಲುಕ್ಯ ಎಕ್ಸ್‌ಪ್ರೆಸ್ ಹತ್ತಿ ದಾದರ್‌ನಲ್ಲಿ ಇಳಿದವರನ್ನೂ ನಾನು ಮೊದಲು ಕೇಳುವುದು ಇದನ್ನೇ. ಮುಂಬಯಿ ಉಪನಗರದ ಲ್ಯಾಬೊಂದರಲ್ಲಿ ಮಾಲಿಕ್ಯುಲರ್ ಪೆಥಾಲಜಿ ನನ್ನ ಕಸುಬು. ಬ್ಲಾಕ್ ಇಲ್ಲದಿದ್ದರೆ ನಮ್ಮ ಲಕ್ಷಾಂತರ ರೂಪಾಯಿಯ ಯಂತ್ರ ಸುಮ್ಮನೆ ಕೂತಿರುತ್ತದೆ.

ಮೆಹರ್‌ಬಾಯಿ ಟಾಟಾ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡದ್ದು 1931ರಲ್ಲಿ. ಪತಿ ದೊರಾಬ್ಜಿ ಮರುವರ್ಷವೇ ಹೋದರು. ಅವರ ಟ್ರಸ್ಟ್ ಕಟ್ಟಿಸಿದ ಆಸ್ಪತ್ರೆ ಗಿರಣಿಗಳ ಪರೇಲ್‌ನಲ್ಲಿ 1941ರ ಫೆಬ್ರವರಿ 28ರಂದು ಬಾಗಿಲು ತೆರೆಯಿತು. ಅದರ ಪ್ರಯೋಗಾಲಯಗಳ ಹೊಣೆ ಹೊತ್ತವರು ವಸಂತ ರಾಮಜಿ ಖಾನೋಲ್ಕರ್. ಲಂಡನ್ನಿನಲ್ಲಿ ಪೆಥಾಲಜಿ ಓದಿ, ಬೊಂಬಾಯಿಯ ಮೆಡಿಕಲ್ ಕಾಲೇಜುಗಳಲ್ಲಿ ಪಾಠ ಹೇಳಿದ್ದವರು.

ನನ್ನನ್ನು ಹಿಡಿದು ನಿಲ್ಲಿಸುವುದು ಖಾನೋಲ್ಕರ್ ಮತ್ತು ಸೂರ್ಯಾಬಾಯಿ 1945ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ. ರೂಢಿಗಳಿಗೆ ಅಂಟಿಕೊಂಡ ಮೂರು ಬಗೆಯ ಕ್ಯಾನ್ಸರುಗಳ ವಿವರ ಅದರಲ್ಲಿದೆ. ಧೋತರವನ್ನು ಬಿಗಿದು ಕಟ್ಟುವ ಸೊಂಟದ ಜಾಗದಲ್ಲಿ ಬರುವ ಚರ್ಮದ ಕ್ಯಾನ್ಸರ್ ಒಂದು. ಕೆಳತುಟಿಯ ಒಳಗೆ ಖೈನಿ ಇಟ್ಟುಕೊಳ್ಳುವವರಿಗೆ ಅಲ್ಲೇ ಬರುವುದು ಇನ್ನೊಂದು. ಮೂರನೆಯದು, ಚುಟ್ಟಾದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವವರ ಅಂಗುಳಿನದು. ಸೂಕ್ಷ್ಮದರ್ಶಕದಲ್ಲಿ ಈ ಮೂರರ ಕೋಶಗಳನ್ನೂ ನೋಡಿದರೆ ಸೊಂಟದ್ದು ಯಾವುದು, ತುಟಿಯದು ಯಾವುದು ಎಂದು ಹೇಳುವುದು ಕಷ್ಟ. ಏನು ಉಡುತ್ತೀರಿ, ಏನು ಅಗಿಯುತ್ತೀರಿ, ಯಾವ ಕಡೆಯವರು ಎಂದು ಕೇಳಿದ್ದರಿಂದಲೇ ಅವು ಬೇರೆಬೇರೆಯಾದವು. ಲ್ಯಾಬಿನಲ್ಲಿ ಕೂತ ಮನುಷ್ಯ ರೋಗಿಯ ಉಡುಗೆಯ ಬಗ್ಗೆ ವಿಚಾರಿಸುವುದು ಅಂದಿಗೂ ಅಪರೂಪ, ಇಂದಿಗಂತೂ ಹೇಳಬೇಕಿಲ್ಲ.

ಅವರ ನೇತೃತ್ವದಲ್ಲೇ 1952ರಲ್ಲಿ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರ ಶುರುವಾಯಿತು. ಕಮಲ್ ರಣದಿವೆ ಅಲ್ಲಿ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ಲ್ಯಾಬ್ ಕಟ್ಟಿದರು. 1963ರಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿ ಬೊಂಬಾಯಿಯ ರೋಗಿಗಳನ್ನು ಲೆಕ್ಕ ಹಿಡಿಯುವ ನೋಂದಣಿ ಆರಂಭಿಸಿತು. ದೇಶದಲ್ಲೇ ಅದು ಮೊದಲನೆಯದು. ಆಸ್ಪತ್ರೆಯೂ ಸಂಶೋಧನಾ ಕೇಂದ್ರವೂ 1966ರಲ್ಲಿ ಅಣುಶಕ್ತಿ ಇಲಾಖೆಯಡಿ ಒಂದಾದವು. ಸಂಶೋಧನೆಯ ಭಾಗ ಈಗ ಖಾರ್ಘರ್‌ನ ಆ್ಯಕ್ಟ್ರೆಕ್‌ನಲ್ಲಿದೆ.

ಇತ್ತ ಈ ಲೆಕ್ಕ ನಡೆದಿರುವಾಗ ಅಮೆರಿಕದಲ್ಲಿ ಪ್ರಶ್ನೆ ಜೀವಕೋಶದ ಒಳಕ್ಕೆ ಇಳಿದಿತ್ತು. ರಕ್ತದ ಕ್ಯಾನ್ಸರಿನ ಒಂದು ಬಗೆಯಲ್ಲಿ ಅಸಹಜವಾಗಿ ಚಿಕ್ಕದಾದ ಒಂದು ಕ್ರೋಮೋಸೋಮ್ 1960ರಲ್ಲಿ ಕಣ್ಣಿಗೆ ಬಿತ್ತು. 9 ಮತ್ತು 22ನೆಯ ಕ್ರೋಮೋಸೋಮುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆ ಎಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ಒಂದು ತಪ್ಪು ಜೋಡಣೆಗೇ ಗುರಿಯಿಟ್ಟ ಇಮ್ಯಾಟಿನಿಬ್ ಮಾತ್ರೆ ಬಂದದ್ದು 2001ರಲ್ಲಿ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇಜಿಎಫ್‌ಆರ್ ಜೀನಿನ ಬದಲಾವಣೆ 2004ರಲ್ಲಿ ಪತ್ತೆಯಾಯಿತು. ಅದು ಇದ್ದವರಿಗೆ ಮಾತ್ರೆಯೇ ಸಾಕು, ಎಷ್ಟೋ ಕಾಲ ಕೀಮೋ ಬೇಡ. ಯಾರಲ್ಲಿ ಇದೆ? ಟಾಟಾದವರು 907 ಭಾರತೀಯ ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಕೊಟ್ಟ ಉತ್ತರ: ಶೇ. 23. ಪಶ್ಚಿಮದವರಿಗಿಂತ ಹೆಚ್ಚು, ಪೂರ್ವ ಏಷ್ಯದವರಿಗಿಂತ ಕಡಿಮೆ. ಯಾವ ಕಡೆಯವರು ಎಂಬ ಖಾನೋಲ್ಕರ್ ಪ್ರಶ್ನೆಯೇ ಇಲ್ಲಿ ಡಿಎನ್ಎಗೆ ಹೋಗಿ ಕೂತಿದೆ.

ಆ ಡಿಎನ್ಎ ಸಿಗಬೇಕಾದ್ದು ಮತ್ತೆ ಆ ಮೇಣದ ಬಿಲ್ಲೆಯಿಂದ. ತುಣುಕನ್ನು ತೆಗೆದ ಕೂಡಲೇ ಶೇ. 10ರ ಬಫರ್ ಫಾರ್ಮಲಿನ್‌ನಲ್ಲಿ ಹಾಕಬೇಕು. ಅದು ಅಲ್ಲಿ ಆರು ಗಂಟೆಗಿಂತ ಕಡಿಮೆ ಇರಬಾರದು, ಎಪ್ಪತ್ತೆರಡು ದಾಟಬಾರದು. ಮೂಳೆಯ ತುಣುಕನ್ನು ಬಲವಾದ ಆಮ್ಲದಲ್ಲಿ ಮೆತ್ತಗೆ ಮಾಡಿದರೆ ಡಿಎನ್ಎ ಪುಡಿಪುಡಿ. ಇಡಿಟಿಎ ಬಳಸಿದರೆ ಉಳಿಯುತ್ತದೆ, ಆದರೆ ದಿನಗಟ್ಟಲೆ ಕಾಯಬೇಕು. ಹಾಳಾದ ಬ್ಲಾಕ್ ಬಂದಾಗ ರಿಪೋರ್ಟಿನಲ್ಲಿ 'ಪರೀಕ್ಷೆಗೆ ಯೋಗ್ಯವಲ್ಲ' ಎಂದು ಬರೆಯುತ್ತೇವೆ. ಆ ಎರಡು ಪದದ ಅರ್ಥ, ಮತ್ತೊಮ್ಮೆ ಬಯಾಪ್ಸಿ. ದಾದರ್‌ನ ಗಾಡಗೆ ಮಹಾರಾಜ ಧರ್ಮಶಾಲೆಯಲ್ಲಿ ಜಾಗ ಹಿಡಿದು ಕೂತವರಿಗೆ ಇನ್ನೆರಡು ವಾರ. ಮುಂಬಯಿಯ ಲ್ಯಾಬುಗಳ ಹೊಸ ಯಂತ್ರದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ತಾಲ್ಲೂಕು ಆಸ್ಪತ್ರೆಯ ಫಾರ್ಮಲಿನ್ ಡಬ್ಬಿಯ ಸುದ್ದಿ ಬರುವುದಿಲ್ಲ. ನನ್ನನ್ನು ಕೇಳಿದರೆ, ಹಣ ಮೊದಲು ಹೋಗಬೇಕಾದ್ದು ಆ ಡಬ್ಬಿಗೆ.

ಬ್ಲಾಕಿನ ಜೊತೆ ಬರುವ ಫಾರ್ಮಿನಲ್ಲಿ ಊರು, ಕೆಲಸ, ತಂಬಾಕು ಎಂಬ ಕಾಲಂಗಳಿರುತ್ತವೆ. ಹೆಚ್ಚಿನವು ಖಾಲಿ. ಇತ್ತೀಚೆಗೆ ನಿಪ್ಪಾಣಿ ಕಡೆಯ ಹೆಂಗಸೊಬ್ಬರ ಫಾರ್ಮಿನಲ್ಲಿ ತಂಬಾಕು 'ಇಲ್ಲ' ಎಂದಿತ್ತು. ಊರು ನೋಡಿ ಅನುಮಾನ ಬಂದು ಫೋನ್ ಮಾಡಿದೆ.

"ಸೇದಿಲ್ರಿ," ಅಂದರು. "ಮೂವತ್ತು ವರ್ಷ ಬೀಡಿ ಕಟ್ಟೇನಿ, ಅಷ್ಟ."

ಅದಕ್ಕೆ ಕಾಲಂ ಇರಲಿಲ್ಲ. ಫಾರ್ಮಿನ ಅಂಚಿನಲ್ಲಿ ಪೆನ್ನಿನಿಂದ ಬರೆದೆ.