ಅಗಲಿಸು

ಸಕರ್ಮಕ ಕ್ರಿಯಾಪದ. ಎರಡು ಅಂಚುಗಳನ್ನು ಒಂದರಿಂದ ಇನ್ನೊಂದು ದೂರವಾಗುವಂತೆ ಸರಿಸು, ಅಗಲ ಮಾಡು. ಇಂಗ್ಲಿಷಿನ ‘ವೈಡನ್’ಗೆ ಹತ್ತಿರದ ಕನ್ನಡ ಪದ. ಇಂಗ್ಲಿಷ್ ಪದ ‘ವೈಡ್’ ಎಂಬ ಗುಣವಾಚಕದಿಂದ ಬಂದರೆ, ಕನ್ನಡದ್ದು ‘ಅಗಲು’ ಎಂಬ ಕ್ರಿಯೆಯಿಂದಲೇ ಬಂದಿದೆ.

ಮೂಲ

ಅಗಲು ಎಂದರೆ ಬೇರೆಯಾಗು. ಅಡ್ಡಳತೆಯ ‘ಅಗಲ’, ವಿರಹದ ‘ಅಗಲಿಕೆ’ ಎರಡಕ್ಕೂ ಇದೇ ಬೇರು. ತಮಿಳಿನಲ್ಲಿ ‘ಅಕಲಂ’ ಅಡ್ಡಳತೆ, ಮಲಯಾಳದಲ್ಲಿ ದೂರ. ‘ಪತ್ನಿ, ಮಕ್ಕಳನ್ನು ಅಗಲಿದ್ದಾರೆ’ ಎಂಬ ನಿಧನವಾರ್ತೆಯ ಮಾತಿಗೂ ಅದರ ಪಕ್ಕದಲ್ಲೇ ಅಚ್ಚಾಗುವ ರಸ್ತೆ ಅಗಲೀಕರಣದ ಸುದ್ದಿಗೂ ಹೀಗೆ ನಂಟಿದೆ.

ಬಳಕೆ

ಕಾಲು ಅಗಲಿಸಿ ನಿಲ್ಲುತ್ತಾರೆ, ಕಣ್ಣು ಅಗಲಿಸಿ ನೋಡುತ್ತಾರೆ. ವಸ್ತಾರೆ, ಮೂಡಿಗೆರೆ ಕಡೆಯ ತೋಟಗಳಲ್ಲಿ ಕಾಫಿ ಕೊಯ್ಲಿನ ಸಂಜೆ ಈ ಪದದ ಅರ್ಥ ಕಣ್ಣಿಗೇ ಕಾಣುತ್ತದೆ. ಒಬ್ಬರು ಗೋಣಿಚೀಲದ ಅಂಚನ್ನು ಹೊರಕ್ಕೆ ಮಡಿಚಿ, ಎರಡೂ ಕೈಯಿಂದ ಬಾಯಿ ಅಗಲಿಸಿ ಹಿಡಿಯುತ್ತಾರೆ. ಇನ್ನೊಬ್ಬರು ಹಣ್ಣು ಸುರಿಯುತ್ತಾರೆ. ಚೀಲ ದೊಡ್ಡದಾಗುವುದಿಲ್ಲ, ಅಂಚುಗಳಷ್ಟೇ ದೂರವಾಗುತ್ತವೆ. ‘ಹಿಗ್ಗಿಸು’ ಎಂಬುದರಿಂದ ‘ಅಗಲಿಸು’ ಬೇರೆಯಾಗುವುದು ಇಲ್ಲೇ: ಹಿಗ್ಗುವ ವಸ್ತು ತಾನೇ ಉಬ್ಬಬೇಕು ಅಥವಾ ಜಗ್ಗಬೇಕು.

ಅಗಲೀಕರಣ

ಲೋಕೋಪಯೋಗಿ ಇಲಾಖೆಯ ಕಡತಗಳಲ್ಲೂ ಪತ್ರಿಕೆಗಳಲ್ಲೂ ನೆಲೆಯೂರಿದ ಈ ಪದವನ್ನು ಶುದ್ಧಿವಾದಿಗಳು ಒಪ್ಪುವುದು ಕಷ್ಟ. ‘ಅಗಲ’ ಅಚ್ಚಗನ್ನಡ, ‘ಈಕರಣ’ ಸಂಸ್ಕೃತ. ಮೊದಲು ಹಾಗಿಲ್ಲದ್ದನ್ನು ಹಾಗೆ ಮಾಡುವುದು ಎಂಬರ್ಥದಲ್ಲಿ ಪಾಣಿನಿ ‘ಅಷ್ಟಾಧ್ಯಾಯಿ’ಯ 5ನೇ ಅಧ್ಯಾಯದಲ್ಲಿ ‘ಚ್ವಿ’ ಪ್ರತ್ಯಯವನ್ನು ವಿಧಿಸುತ್ತಾನೆ. ಆಗ ಪದದ ಕೊನೆಯ ಅಕಾರ ಈಕಾರವಾಗುತ್ತದೆ: ಶುಕ್ಲ, ಶುಕ್ಲೀಕರಣ. ಅದೇ ಅಚ್ಚಿನಲ್ಲಿ ಕನ್ನಡೀಕರಣ, ಡಾಂಬರೀಕರಣಗಳೂ ಮೂಡಿವೆ. ಆದರೂ ಈ ಬೆರಕೆಗೆ ಬಲವಾದ ಕಾರಣವಿದ್ದಂತೆ ತೋರುತ್ತದೆ. ಅಗಲುವಿನಿಂದ ಸಹಜವಾಗಿ ಬರುವ ನಾಮಪದ ‘ಅಗಲಿಕೆ’. ಅದು ಆಗಲೇ ವಿರಹಕ್ಕೆ ಮೀಸಲಾಗಿತ್ತು. ‘ರಸ್ತೆ ವಿಸ್ತರಣೆ’ ಎಂದರೆ ಉದ್ದಕ್ಕೋ ಅಗಲಕ್ಕೋ ತಿಳಿಯದು. ಚಾರ್ಮಾಡಿ ಘಾಟಿಯಂಥ ಕಡೆ, ಒಂದು ಬದಿ ಗುಡ್ಡ, ಇನ್ನೊಂದು ಬದಿ ಪ್ರಪಾತ ಇರುವಲ್ಲಿ, ಆ ವ್ಯತ್ಯಾಸ ಸಣ್ಣದಲ್ಲ. ಹೀಗಾಗಿ ‘ಅಗಲೀಕರಣ’ವನ್ನು ತಪ್ಪೆಂದು ತಳ್ಳಿಹಾಕುವುದು ಸರಿಯಲ್ಲ.

ಸಂಬಂಧಿತ ಪದಗಳು

ಉದ್ದಗಲ, ಊರಗಲ (ಮುಖಕ್ಕೆ), ಮೊರದಗಲ (ಕಿವಿಗೆ), ಅಂಗೈಯಗಲ (ಅತಿ ಚಿಕ್ಕ ನೆಲಕ್ಕೆ).