ಐನೂರ್ವರು

ಮಧ್ಯಯುಗದ ದಕ್ಷಿಣ ಭಾರತದ ಹೆಸರಾಂತ ವರ್ತಕ ಸಂಘ. ಪೂರ್ಣ ಹೆಸರು ಅಯ್ಯಾವೊಳೆ ಐನೂರ್ವರು. ಅಯ್ಯಾವೊಳೆ ಎಂದರೆ ಬಾಗಲಕೋಟೆ ಜಿಲ್ಲೆಯ ಐಹೊಳೆ. ಅಲ್ಲಿನ ಲಾಡಖಾನ ಗುಡಿಯ 8ನೆಯ ಶತಮಾನದ ಶಾಸನ ಹೇಳುವ ಐನೂರ್ವರು ವೇದ ಬಲ್ಲ ಮಹಾಜನರು; ವ್ಯಾಪಾರಿಗಳಿಗೆ ಆ ಹೆಸರು ಅಂಟಿದ್ದು ಆಮೇಲೆ. ಐನೂರು ಎಂಬುದು ತಲೆಯೆಣಿಕೆಯೂ ಅಲ್ಲ. 1088ರ ವೇಳೆಗೆ ಈ ಸಂಘದವರು ಸುಮಾತ್ರಾದ ಬಾರೂಸ್‌ನಲ್ಲಿ ತಮಿಳು ಶಾಸನ ಹಾಕಿಸಿದ್ದರು.

ಸ್ವದೇಶಿ, ಪರದೇಶಿ, ನಾನಾದೇಶಿ, ಸೆಟ್ಟಿ, ಗವರೆ, ಮುಮ್ಮುರಿದಂಡ ಹೀಗೆ ಊರು, ಕುಲ, ನುಡಿ ಬೇರೆಯಾದವರನ್ನು ಒಟ್ಟಿಗೆ ಹಿಡಿದದ್ದು 'ವೀರಬಣಂಜು ಧರ್ಮ', ಅಂದರೆ ವೀರವರ್ತಕರ ಧರ್ಮ, ಎಂಬ ಕಟ್ಟಳೆ. ಶಾಸನಗಳ ಪ್ರಶಸ್ತಿಭಾಗದಲ್ಲಿ ಅಬ್ಬರವೇ ಹೆಚ್ಚು. ಸಂಘ ನಡೆದ ರೀತಿ ಕಾಣಬೇಕಾದರೆ ದತ್ತಿಯ ಸಾಲುಗಳಿಗೆ ಇಳಿಯಬೇಕು: ಎಲೆಯ ಹೇರಿಗೆ ಇಷ್ಟು, ಮೆಣಸಿನ ಹೇರಿಗೆ ಇಷ್ಟು ಎಂದು ಮಹಾನಾಡಾಗಿ ನೆರೆದ ವರ್ತಕರು ತಮ್ಮ ಸರಕಿನ ಮೇಲೆ ತಾವೇ ಆಯ ಹಾಕಿಕೊಂಡು ಗುಡಿಗೆ ಬಿಡುತ್ತಿದ್ದರು.

ಇಂಥ ಸಮೂಹಗಳ ಕಟ್ಟಳೆಗೆ ಧರ್ಮಶಾಸ್ತ್ರದ ಬೆಂಬಲವೂ ಇತ್ತು. ಯಾಜ್ಞವಲ್ಕ್ಯ ಸ್ಮೃತಿಗೆ ಚಾಲುಕ್ಯ ವಿಕ್ರಮಾದಿತ್ಯನ (1076–1126) ಕಲ್ಯಾಣದಲ್ಲಿ ವಿಜ್ಞಾನೇಶ್ವರ 'ಮಿತಾಕ್ಷರಾ' ವ್ಯಾಖ್ಯೆ ಬರೆದ. ಆ ಸ್ಮೃತಿಯಂತೆ ಸಮೂಹದ ಹಣ ಕದ್ದವನಿಗೂ ಒಪ್ಪಂದ ಮುರಿದವನಿಗೂ ಸರ್ವಸ್ವ ಜಪ್ತಿ, ಗಡೀಪಾರು. ಸಮೂಹದ ವ್ಯವಹಾರ ನೋಡುವ ಕಾರ್ಯಚಿಂತಕರು ಧರ್ಮ ಬಲ್ಲವರೂ ಶುಚಿಗಳೂ ಆಸೆಬುರುಕರಲ್ಲದವರೂ ಆಗಿರಬೇಕು. ಇನ್ನೊಂದು ನಿಯಮ ಇನ್ನೂ ಬಿಗಿ: ಸಂಘದ ಕೆಲಸಕ್ಕೆ ಹೋದವನಿಗೆ ಅಲ್ಲಿ ಏನಾದರೂ ಸಿಕ್ಕರೆ ತಂದೊಪ್ಪಿಸಬೇಕು, ಮುಚ್ಚಿಟ್ಟುಕೊಂಡರೆ 11 ಪಟ್ಟು ದಂಡ. ಉಡುಗೊರೆಯ ಮರೆಯಲ್ಲಿ ಏನು ಬರುತ್ತದೆಂದು ಸ್ಮೃತಿ ಬರೆದವನಿಗೆ ಚೆನ್ನಾಗಿ ಗೊತ್ತಿತ್ತು.

ವಿಜಯನಗರದ ಕಾಲಕ್ಕೆ ವರ್ತಕರಿಗೆ ಅರಮನೆ ಹತ್ತಿರವಾಯಿತು. ಬೇಲೂರಿನ 1382ರ ಶಾಸನದಂತೆ ಹಲವು ಪಟ್ಟಣಗಳ ವರ್ತಕರು ಸೇರಿ 'ಪೃಥ್ವೀಸೆಟ್ಟಿತನ'ವನ್ನು ಕೊಟ್ಟದ್ದು ಮಂತ್ರಿ ಮುದ್ದಯ್ಯ ದಂಡನಾಯಕನಿಗೆ. ತಮ್ಮ ಯಜಮಾನಿಕೆಯನ್ನು ತಾವೇ ಅಧಿಕಾರಿಯ ಕೈಗಿಟ್ಟ ಈ ನಡೆ ಜಾಣತನವೋ ಶರಣಾಗತಿಯೋ, ಎರಡಕ್ಕೂ ವಾದವುಂಟು. ಆ ಪಟ್ಟಣಗಳ ಪಟ್ಟಿಯಲ್ಲಿ ಗುತ್ತಿ, ಪೆನುಗೊಂಡೆ, ನಿಡುಗಲ್ಲುಗಳಿವೆ. ಕೊನೆಯ ಎರಡು ಆಂಧ್ರದ ಗಡಿ ಊರು ಮಡಕಶಿರದ ನೆರೆಯವೇ.

ಸಂಘ ಕರಗಿತು, ಹೆಸರು ಉಳಿಯಿತು. ಮಡಕಶಿರದಲ್ಲೂ, 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗದಲ್ಲೂ ಕನ್ನಡ ತೆಲುಗು ಬೆರೆತೇ ಇವೆ; ಸಂಘದ ಹೆಸರೂ ಎರಡು ನುಡಿಗಳಲ್ಲಿ ಹಾಗೆಯೇ ಉಳಿದಿದೆ. ಕನ್ನಡದ ಬಣಜಿಗ, ತೆಲುಗಿನ ಬಲಿಜ ಎರಡರ ಬೇರನ್ನೂ ವಿದ್ವಾಂಸರು ಆ ಹಳೆಯ 'ಬಣಂಜು'ವಿನಲ್ಲೇ ಗುರುತಿಸುತ್ತಾರೆ.