ಹತ್ತು ನಿಮಿಷದಲ್ಲಿ ಕಾಣದ ಕಾಯಿಲೆ

ಉನ್ಮಾದ, ಖಿನ್ನತೆಗಳು ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಯನ್ನು ಖಚಿತವಾಗಿ ಹಿಡಿದುಕೊಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇವತ್ತಿಗೂ ಇಲ್ಲ. ಥೈರಾಯ್ಡ್ ನೋಡಿಸುತ್ತಾರೆ, ಕೆಲವೊಮ್ಮೆ ಮಿದುಳಿನ ಸ್ಕ್ಯಾನ್ ಬರೆದುಕೊಡುತ್ತಾರೆ. ಅದೆಲ್ಲ ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿಪಡಿಸಿಕೊಳ್ಳಲು. ರೋಗ ಗೊತ್ತಾಗುವುದು ಮನುಷ್ಯನ ಹಿಂದಿನ ಹತ್ತಾರು ವರ್ಷಗಳನ್ನು ಕೇಳಿ ತಿಳಿದಾಗ. ಈ ಕ್ಷೇತ್ರ ಮುಂದೆ ಹೋದದ್ದೆಲ್ಲ ಹೀಗೆಯೇ: ರೋಗಿಯನ್ನು ಒಂದು ದಿನ ನೋಡಿ ಕೈಬಿಡದೆ ಯಾರಾದರೂ ವರ್ಷಗಟ್ಟಲೆ ಬೆನ್ನು ಹತ್ತಿದಾಗ.

ಕ್ರಿಸ್ತಶಕದ ಆರಂಭದ ಶತಮಾನಗಳಲ್ಲೇ ಕಪ್ಪಡೋಸಿಯದ ವೈದ್ಯ ಅರೆಟೇಯಸ್ ಉನ್ಮಾದ ಮತ್ತು ವಿಷಾದಗಳ ನಡುವೆ ನಂಟು ಕಂಡಿದ್ದ. ಆದರೆ ಅದು ಗಟ್ಟಿಯಾದದ್ದು 19ನೆಯ ಶತಮಾನದ ಪ್ಯಾರಿಸ್ಸಿನಲ್ಲಿ. ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಜಾನ್ ಪಿಯರ್ ಫಾಲ್ರೆ, ಅದೇ ರೋಗಿಗಳನ್ನು ವರ್ಷಗಳ ಕಾಲ ನೋಡುತ್ತಾ, ಉಬ್ಬರ, ಇಳಿತ, ಮಧ್ಯದ ಸ್ವಸ್ಥ ಕಾಲ ಮೂರೂ ಸೇರಿ ಒಂದೇ ಚಕ್ರವೆಂದು 1851ರಿಂದ ಹೇಳತೊಡಗಿದ. 1854ರಲ್ಲಿ ಸಹೋದ್ಯೋಗಿ ಬೈಯಾರ್ಜೆ ಹೆಚ್ಚುಕಡಿಮೆ ಅದನ್ನೇ ಬೇರೆ ಹೆಸರಿನಲ್ಲಿ ಮಂಡಿಸಿದ. ಮೊದಲು ಕಂಡವರು ಯಾರೆಂದು ಇಬ್ಬರೂ ಕಿತ್ತಾಡಿದರು. ಜಗಳ ಮರೆತುಹೋಗಿದೆ, ಚಕ್ರ ಉಳಿದಿದೆ. ಜರ್ಮನಿಯ ಎಮಿಲ್ ಕ್ರೇಪೆಲಿನ್ ಪ್ರತಿ ರೋಗಿಗೂ ಒಂದು ಕಾರ್ಡು ಇಟ್ಟು, ಕಾಯಿಲೆ ಕೊನೆಗೆ ಎಲ್ಲಿ ಮುಟ್ಟಿತೆಂದು ಗುರುತುಹಾಕಿಕೊಳ್ಳುತ್ತಿದ್ದ. 1899ರ ಪಠ್ಯಪುಸ್ತಕದಲ್ಲಿ ಆತ ಬಂದು ಹೋಗುವ ಕಾಯಿಲೆಯನ್ನು, ಮನುಷ್ಯನನ್ನು ಕ್ರಮೇಣ ಕುಗ್ಗಿಸುತ್ತ ಹೋಗುವ ಕಾಯಿಲೆಯಿಂದ (ಇಂದಿನ ಸ್ಕಿಜೋಫ್ರೇನಿಯಾ) ಬೇರ್ಪಡಿಸಿದ. ಇಂದು ಓ.ಪಿ.ಡಿ. ಚೀಟಿಯ ಮೇಲೆ ಬೀಳುವ ಹೆಸರುಗಳಿಗೆ ಆ ಕಾರ್ಡುಗಳೇ ಅಡಿಪಾಯ.

ಗುರುತಿಸುವುದು ಗೊತ್ತಾಯಿತು, ಕೊಡಲು ಮದ್ದಿರಲಿಲ್ಲ. ಅದು ಬಂದ ದಾರಿ ವಿಚಿತ್ರ. ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿಯಲ್ಲಿ ಜಪಾನೀಯರ ಸೆರೆಯಲ್ಲಿದ್ದ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್, ಊರಿಗೆ ಮರಳಿದ ಮೇಲೆ ಮೆಲ್ಬರ್ನ್ ಬಳಿಯ ಬಂಡೂರದ ಆಸ್ಪತ್ರೆಯಲ್ಲಿ ಬಳಕೆಯಲ್ಲಿಲ್ಲದ ಕೋಣೆಯೊಂದನ್ನು ಪ್ರಯೋಗಾಲಯ ಮಾಡಿಕೊಂಡ. ಉನ್ಮಾದಕ್ಕೆ ದೇಹದಲ್ಲೇ ಹುಟ್ಟುವ ಯಾವುದೋ ವಿಷ ಕಾರಣ, ಅದು ಮೂತ್ರದಲ್ಲಿ ಹೊರಬರುತ್ತದೆ ಎಂಬುದು ಅವನ ಊಹೆ. ರೋಗಿಗಳ ಮೂತ್ರವನ್ನು ಗಿನಿ ಇಲಿಗಳಿಗೆ ಚುಚ್ಚಿದ. ಮೂತ್ರದಲ್ಲಿರುವ ಯೂರಿಕ್ ಆಮ್ಲದ ಪಾತ್ರವೇನೆಂದು ನೋಡಹೊರಟ; ಅದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲವಾದ್ದರಿಂದ, ಕರಗುವ ಲಿಥಿಯಂ ಯೂರೇಟ್ ಬಳಸಿದ. ಇಲಿಗಳು ಮಂಕಾಗಿ ಮಲಗಿದವು. ಅವು ಶಾಂತವಾದುವೋ, ಲಿಥಿಯಂ ನಂಜೇರಿ ಬಿದ್ದುವೋ ಎಂಬ ಅನುಮಾನ ಇಂದಿಗೂ ಇದೆ. ಊಹೆಯಂತೂ ತಪ್ಪಾಗಿತ್ತು, ಸಿಕ್ಕಿದ ಮದ್ದು ಸರಿಯಾಗಿತ್ತು. ತಾನೇ ಮೊದಲು ನುಂಗಿ ನೋಡಿ, ಉನ್ಮಾದದ ಹತ್ತು ಮಂದಿಗೆ ಕೊಟ್ಟು, 1949ರ ಸೆಪ್ಟೆಂಬರಿನಲ್ಲಿ ಲೇಖನ ಪ್ರಕಟಿಸಿದ. ವರ್ಷಗಳಿಂದ ವಾರ್ಡಿನಲ್ಲಿದ್ದ ಮೊದಲ ರೋಗಿ ಕೆಲಸಕ್ಕೆ ಮರಳಿದ. ಮಾತ್ರೆ ಬಿಟ್ಟ, ಕಾಯಿಲೆ ಮರುಕಳಿಸಿತು. ಕೊನೆಗೆ 1950ರಲ್ಲಿ ಲಿಥಿಯಂ ನಂಜಿನಿಂದಲೇ ತೀರಿಕೊಂಡ. ಈ ಮದ್ದಿನ ಶಕ್ತಿ, ಅಪಾಯ, ಬಿಟ್ಟರೆ ಆಗುವ ಗತಿ ಮೂರೂ ಆ ಒಬ್ಬನಲ್ಲೇ ಕಂಡುಬಂದಿತ್ತು.

ಅದೇ 1949ರಲ್ಲಿ ಅಮೆರಿಕದಲ್ಲಿ ಹೃದ್ರೋಗಿಗಳಿಗೆ ಉಪ್ಪಿನ ಬದಲಿಯಾಗಿ ಮಾರುತ್ತಿದ್ದ ಲಿಥಿಯಂ ಕ್ಲೋರೈಡ್ ತಿಂದು ಜನ ಸತ್ತಿದ್ದರು. ಹೆಸರು ಕೆಟ್ಟುಹೋಯಿತು. ಪೇಟೆಂಟ್ ಸಿಗದ ಸರಳ ಲವಣಕ್ಕೆ ಬೆಂಬಲ ನಿಲ್ಲಲು ಔಷಧ ಕಂಪನಿಗಳಿಗೂ ಆಸಕ್ತಿಯಿರಲಿಲ್ಲ. ಅದನ್ನು ಉಳಿಸಿದವನು ಡೆನ್ಮಾರ್ಕಿನ ಮನೋವೈದ್ಯ ಮೋಗೆನ್ಸ್ ಶೌ. ಸ್ವಂತ ತಮ್ಮನೇ ಮತ್ತೆ ಮತ್ತೆ ಖಿನ್ನತೆಗೆ ಬೀಳುತ್ತಿದ್ದುದನ್ನು ಕಂಡವನು. ಲಿಥಿಯಂ ಉನ್ಮಾದವನ್ನು ಇಳಿಸುವುದಷ್ಟೇ ಅಲ್ಲ, ಮುಂದಿನ ಸರದಿಯನ್ನೇ ತಡೆಯುತ್ತದೆ ಎಂದು ಅವನೂ ಅವನ ಜೊತೆಗಾರ ವೈದ್ಯ ಬಾಸ್ಟ್ರಪ್‌ನೂ ಹೇಳಿದಾಗ, 1968ರಲ್ಲಿ ಲಂಡನ್ನಿನ ಮನೋವೈದ್ಯರಾದ ಬ್ಲ್ಯಾಕ್‌ವೆಲ್ ಮತ್ತು ಶೆಪರ್ಡ್ ಇದೊಂದು ಕಟ್ಟುಕಥೆಯೆಂದು ಅಣಕಿಸಿದರು. ಡೇನರು 1970ರಲ್ಲಿ ಉತ್ತರಿಸಿದರು. ಲಿಥಿಯಂನಲ್ಲಿ ಸ್ಥಿರವಾಗಿದ್ದವರ ಪೈಕಿ ಕೆಲವರಿಗೆ ಗುಟ್ಟಾಗಿ ಹುಸಿಮಾತ್ರೆ ಕೊಟ್ಟರು: ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ತಿಂಗಳುಗಳೊಳಗೆ ಕಾಯಿಲೆ ಮರುಕಳಿಸಿತು, ಲಿಥಿಯಂ ಮುಂದುವರಿಸಿದವರಲ್ಲಿ ಒಬ್ಬರಿಗೂ ಇಲ್ಲ. ಇಂದಿನ ನೀತಿಸಮಿತಿ ಇಂಥ ಪ್ರಯೋಗಕ್ಕೆ ಸುಲಭವಾಗಿ ಒಪ್ಪಲಿಕ್ಕಿಲ್ಲ. ಅಮೆರಿಕ ಅದೇ 1970ರಲ್ಲಿ ಲಿಥಿಯಂಗೆ ಅನುಮತಿ ಕೊಟ್ಟಿತು.

ಮದ್ದು ಬಂದದ್ದರಿಂದ ಹೆಸರಿಡುವ ಕೆಲಸವೂ ಬಿಗಿಯಾಯಿತು. ಒಂದೇ ರೋಗಿಯ ಸಂದರ್ಶನದ ಚಿತ್ರಸುರುಳಿ ನೋಡಿ ನ್ಯೂಯಾರ್ಕಿನ ವೈದ್ಯರು ಸ್ಕಿಜೋಫ್ರೇನಿಯಾ ಎಂದರೆ, ಲಂಡನ್ನಿನವರು ಉನ್ಮಾದ-ಖಿನ್ನತೆ ಎನ್ನುತ್ತಿದ್ದರೆಂದು 1970ರ ಸುಮಾರಿಗೆ ಬಯಲಾಗಿತ್ತು. ಲಿಥಿಯಂ ಕೆಲಸ ಮಾಡುವ ಕಾಯಿಲೆಯನ್ನು ಬೇರೆ ಹೆಸರಿನಿಂದ ಕರೆದರೆ ಇನ್ನು ನಷ್ಟ ರೋಗಿಗೆ. ಮನೋರೋಗಗಳನ್ನು ಗುರುತಿಸುವ ಅಮೆರಿಕನ್ ಕೈಪಿಡಿಯ 1980ರ ಆವೃತ್ತಿ ಬೈಪೋಲಾರ್ ಎಂಬ ಹೆಸರನ್ನು ಅಧಿಕೃತಗೊಳಿಸಿತು. 1994ರ ಆವೃತ್ತಿ, ಪೂರ್ಣ ಉನ್ಮಾದಕ್ಕೇರದೆ ಸೌಮ್ಯ ಉಬ್ಬರದಲ್ಲೇ ನಿಲ್ಲುವ ಎರಡನೆಯ ಬಗೆಯನ್ನು ಸೇರಿಸಿತು.

ತೊಡಕಿರುವುದೇ ಈ ಎರಡನೆಯದರಲ್ಲಿ. ನಿದ್ದೆ ಮೂರು ಗಂಟೆಗಿಳಿದು, ಮಾತು ಹೆಚ್ಚಿ, ಹೊಸ ವ್ಯಾಪಾರದ ಯೋಜನೆಗಳು ಹೊಳೆಯುವಾಗ ಯಾರೂ ಡಾಕ್ಟರ ಬಳಿ ಹೋಗುವುದಿಲ್ಲ. ಮನೆಯವರೂ ಹುರುಪು ಬಂದಿದೆ ಎಂದು ಸಂತೋಷಪಡುತ್ತಾರೆ. ಬರುವುದು ಕುಸಿದ ಮೇಲೆ. ಆಗ ಖಿನ್ನತೆಯೆಂದು ಬರೆದು, ಅದರ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವರಲ್ಲಿ ಉನ್ಮಾದ ಭುಗಿಲೇಳುತ್ತದೆ. ಮೊದಲ ಲಕ್ಷಣಕ್ಕೂ ಸರಿಯಾದ ಹೆಸರಿಗೂ ನಡುವೆ ಹಲವು ವರ್ಷ ಕಳೆಯುವುದು ಹಲವು ದೇಶಗಳಲ್ಲಿ ಸಾಮಾನ್ಯ. ಎಷ್ಟೇ ಜಾಣ ವೈದ್ಯನಾದರೂ ಹತ್ತು ನಿಮಿಷದಲ್ಲಿ ಉಬ್ಬರವನ್ನು ಕಾಣಲಾರ. ಅದನ್ನು ಕಂಡಿರುವವರು ಅಕ್ಕ, ಹೆಂಡತಿ, ಹಾಸ್ಟೆಲ್ಲಿನ ಗೆಳೆಯ. ರೋಗಿಯ ಜೊತೆ ಬಂದವರನ್ನು ಹೊರಗೆ ಕೂರಿಸುವ ಕ್ಲಿನಿಕ್ಕು ಅರ್ಧ ಪರೀಕ್ಷೆಯನ್ನೇ ಕೈಬಿಟ್ಟಂತೆ.

ನಮ್ಮಲ್ಲಿ ಈ ಚರಿತ್ರೆ ಬೆಂಗಳೂರಿನ ಹುಚ್ಚಾಸ್ಪತ್ರೆಯಿಂದ ಶುರು. 1925ರಲ್ಲಿ ಅದು ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯಾಯಿತು, 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಜೊತೆಗೂಡಿತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಆಸ್ಪತ್ರೆಯ ಗೋಡೆ ದಾಟಿ ಸಕಲವಾರದ ಹಳ್ಳಿಗಳಲ್ಲಿ ಮಾಡಿದ ಕೆಲಸ, ಆಮೇಲೆ 1980ರ ದಶಕದ ಬಳ್ಳಾರಿ ಪ್ರಯೋಗ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಕನ್ನಡದಲ್ಲಿ ಬರೆದ ವೈದ್ಯರ ಪಾಲೂ ಸಣ್ಣದಲ್ಲ: ‘ಕೊರವಂಜಿ’ ಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕುರಿತ ಗ್ರಂಥಕ್ಕೇ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು; ಡಾ. ಸಿ.ಆರ್. ಚಂದ್ರಶೇಖರ್ ದಶಕಗಳ ಕಾಲ ಮನೆಮಾತಿನಲ್ಲಿ ಬರೆದರು. ಇಷ್ಟಾದರೂ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬೈಪೋಲಾರ್ ಇದ್ದವರಲ್ಲಿ ಸುಮಾರು ಶೇ. 70 ಮಂದಿ ಚಿಕಿತ್ಸೆಯ ಹೊರಗಿದ್ದರು. 2017ರ ಮಾನಸಿಕ ಆರೋಗ್ಯ ಸೇವಾ ಕಾಯ್ದೆ ಚಿಕಿತ್ಸೆಯನ್ನು ಹಕ್ಕೆಂದಿದೆ, ಅರಿವಳಿಕೆ ಕೊಡದೆ ವಿದ್ಯುತ್ ಕಂಪನ ಚಿಕಿತ್ಸೆ ಮಾಡಕೂಡದೆಂದಿದೆ. 2022ರಿಂದ 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿ ಕನ್ನಡದಲ್ಲೇ ಸಿಗುತ್ತದೆ.

ಮಾತ್ರೆಗಳ ಪಟ್ಟಿ ಈಗ ಉದ್ದವಾಗಿದೆ: ವಾಲ್‌ಪ್ರೋಯೇಟ್, ಲ್ಯಾಮೋಟ್ರಿಜಿನ್, ಕ್ವೆಟಿಯಾಪಿನ್. ಬಾರ್ಸಿಲೋನಾದ ಸಂಶೋಧಕರ ತಂಡ 2003ರಲ್ಲಿ, ರೋಗಿಗಳನ್ನು ಗುಂಪಾಗಿ ಕೂರಿಸಿ ಕಾಯಿಲೆಯ ಬಗ್ಗೆ ಕಲಿಸಿದರೆ ಮರುಕಳಿಕೆ ಕಡಿಮೆಯಾಗುತ್ತದೆಂದು ತೋರಿಸಿತು. ಮಲಗುವ, ಏಳುವ ಹೊತ್ತನ್ನು ಕಾಯುವುದೇ ಒಂದು ಚಿಕಿತ್ಸೆಯೆಂದು ಪಿಟ್ಸ್‌ಬರ್ಗಿನ ಸಂಶೋಧಕರು ಹೇಳಿದರು. ಆದರೂ ದೀರ್ಘಕಾಲದ ತಡೆಗೆ ಲಿಥಿಯಂಗೆ ಸಾಟಿಯಾದದ್ದು ಕಡಿಮೆ. ಅಗ್ಗದ ಮಾತ್ರೆ. ಅಗ್ಗವಲ್ಲದ್ದು ಅದರ ಕಾವಲು: ರಕ್ತದಲ್ಲಿ ಅದರ ಮಟ್ಟ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಒಳಗಿರಬೇಕು, ಮೂತ್ರಪಿಂಡ ಮತ್ತು ಥೈರಾಯ್ಡನ್ನು ಆಗಾಗ ನೋಡಬೇಕು. ಬೇಸಗೆಯಲ್ಲಿ ಬೆವರಿ ನೀರು ಬತ್ತಿದರೂ, ಮಂಡಿನೋವಿಗೆಂದು ಅಂಗಡಿಯಿಂದ ಡೈಕ್ಲೋಫಿನಾಕ್ ತಂದು ನುಂಗಿದರೂ ಮಟ್ಟ ಏರುತ್ತದೆ. ಈ ರಕ್ತಪರೀಕ್ಷೆ ಹತ್ತಿರದಲ್ಲಿಲ್ಲದ ಊರಿನಲ್ಲಿ ವೈದ್ಯರ ಕೈ ಸಹಜವಾಗಿ ವಾಲ್‌ಪ್ರೋಯೇಟ್ ಕಡೆಗೆ ವಾಲುತ್ತದೆ. ಅದೇ ವಾಲ್‌ಪ್ರೋಯೇಟ್ ಬಸುರಿನಲ್ಲಿದ್ದಾಗ ತಾಕಿದ ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಂದಕ್ಕೆ ಹುಟ್ಟುನ್ಯೂನತೆಯ ಸಾಧ್ಯತೆ. ಬ್ರಿಟನ್ 2018ರಲ್ಲಿ ಹೆರುವ ವಯಸ್ಸಿನ ಹೆಂಗಸರಿಗೆ ಅದನ್ನು ಕೊಡುವುದಕ್ಕೇ ಬಿಗಿ ಕಟ್ಟಳೆ ಹಾಕಿತು. ಇಪ್ಪತ್ತೆರಡರ ಹುಡುಗಿಗೆ ಯಾವ ಮಾತ್ರೆ ಎಂಬುದನ್ನು ಹೀಗೆ ಎಷ್ಟೋ ಕಡೆ ತೀರ್ಮಾನಿಸುತ್ತಿರುವುದು ಮನೋವೈದ್ಯಶಾಸ್ತ್ರವಲ್ಲ, ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿರುವ ಯಂತ್ರ.